ಗಾದಿಯ ಮೇಲಿನ ಮಾತು: ಒಂದು ಪಾಟಾ ಹೆಚ್ಚಾಗಿದ್ದಕ್ಕೆ



ಹೋದ ಸಂಚಿಕೆಯಲ್ಲಿ ಉದ್ರಿ ಖಾತೆಯ ಬಗ್ಗೆ ಬರೆದಿದ್ದೆ. ಈ ಸಲ ಹಳೆಯ ಕಾರಿನ ಬಗ್ಗೆ ಬರೆಯುತ್ತೇನೆ. ಬಟ್ಟೆ ವ್ಯಾಪಾರಿಗೆ ಗ್ಯಾರೇಜಿನ ಉಸಾಬರಿ ಯಾಕೆ ಎಂದು ಕೇಳಬೇಡಿರಿ. ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಹದಿನೈದು, ಇಪ್ಪತ್ತು ವರ್ಷದ ಗಾಡಿ ನಿಂತಿರುತ್ತದೆ. ಎಂಜಿನ್ ಗಟ್ಟಿ ಇರುತ್ತದೆ, ಮಾರಲು ಮನಸ್ಸು ಬರುವುದಿಲ್ಲ, ಆದರೆ ಹತ್ತು ಮೈಲಿ ಹೋಗಿ ಇಳಿದರೆ ಸೊಂಟ ಹಿಡಿದಿರುತ್ತದೆ. ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಹಗುರ ಮಾಡಿಕೊಳ್ಳಲು ಬರುತ್ತದೆ. ನಾನು ಮಾಡಿಸಿದೆ. ಮಾಡಿಸುವಾಗ ನನ್ನದೇ ಒಂದು ಹಳೆಯ ತಪ್ಪು ಕಣ್ಣಿಗೆ ಬಿತ್ತು. ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು 1989ರ ಪ್ರೀಮಿಯರ್ ಪದ್ಮಿನಿ. ಅಪ್ಪ ಹೊಸದಾಗಿ ಕೊಂಡದ್ದು. ಸೋಲಾಪುರ ಭಾಗದ ನಮ್ಮ ಹಿರಿಯರಿಗೆ ಈ ಗಾಡಿಯ ಮೇಲೆ ಒಂದು ವಿಶೇಷ ಅಭಿಮಾನವಿತ್ತು. ಅದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದವರು ಶೇಠ್ ವಾಲಚಂದ ಹೀರಾಚಂದರು. ಅವರು 1882ರಲ್ಲಿ ಸೋಲಾಪುರದ ದಿಗಂಬರ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. ಬೆಂಗಳೂರಿನ ವಿಮಾನ ಕಾರ್ಖಾನೆ 1940ರಲ್ಲಿ ಆರಂಭವಾದದ್ದೂ ಅವರ ಸಾಹಸದಿಂದಲೇ. ಇಟಲಿಯ ಫಿಯಟ್ 1100 ಗಾಡಿಯೇ ಇಲ್ಲಿ 1974ರಿಂದ ಪದ್ಮಿನಿ ಎಂಬ ಹೆಸರಿನಿಂದ ಬಂತು. 2001ರ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ಮುಗಿದವು. "ನಮ್ಮವರು ಕಟ್ಟಿದ ಕಂಪನಿಯ ಗಾಡಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವರು 2003ರಲ್ಲಿ ತೀರಿಕೊಂಡರು. ಗಾಡಿ ಉಳಿಯಿತು.

ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ ಇರುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ, ತೆರಿಗೆ ಕಟ್ಟಿ ನವೀಕರಿಸಬೇಕು. ನಮ್ಮದು 2024ರಲ್ಲಿ ಮತ್ತೆ ಆ ಸರದಿಗೆ ಬಂದಿತ್ತು. ಪುಣೆಯಲ್ಲಿರುವ ಮಗ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ:

"ಅಪ್ಪಾ, ಈ ಸಲ ರೊಕ್ಕಾ ಕಟ್ಟಬ್ಯಾಡ್ರಿ. ಕೊಟ್ಟುಬಿಡ್ರಿ ಅದನ್ನ. ಆಯಿ ಅದರಾಗ ಕುಂಡ್ರಾಕ ಒಲ್ಲೆ ಅಂತಾಳ. ಮತ್ತ ಯಾರ ಸಲುವಾಗಿ ಇಟ್ಕೊಂಡೀರಿ?"

ಆಯಿ ಎಂದರೆ ನನ್ನ ಅವ್ವ. ಅವಳಿಗೆ ಈಗ 85 ವರ್ಷ. ನಾವು ಊರ ಹೊರಗೆ ಹೊಸ ಮನೆ ಕಟ್ಟಿದ ಮೇಲೆ ಬಸ್ತಿ ಮೂರು ಕಿಲೋಮೀಟರ್ ದೂರವಾಯಿತು. ದಿನಾ ಬೆಳಿಗ್ಗೆ ದರ್ಶನ ಮಾಡದೆ ಅವ್ವ ಬಾಯಿಗೆ ನೀರು ಹಾಕುವವಳಲ್ಲ. ಮೊದಲು ಗಾಡಿಯಲ್ಲಿ ಬರುತ್ತಿದ್ದಳು. ಬರಬರುತ್ತ, "ಗಾಡಿ ಒಲ್ಲೆ, ರಿಕ್ಷಾ ಕರೀರಿ" ಎನ್ನತೊಡಗಿದಳು. ಕುಂಥಲಗಿರಿಗೆ ಹೋಗುವ ಮಾತನ್ನಂತೂ ಬಿಟ್ಟೇಬಿಟ್ಟಿದ್ದಳು. ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಅಲ್ಲಿ ಸಲ್ಲೇಖನ ಸ್ವೀಕರಿಸಿದಾಗ ಅವಳು ಹದಿನಾರರ ಹುಡುಗಿ. ತಂದೆಯ ಸಂಗಡ ಹೋಗಿ ದರ್ಶನ ಮಾಡಿ ಬಂದವಳು. ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವುದು ಅವಳ ನೇಮವಾಗಿತ್ತು. ಅದೂ ನಿಂತಾಗ ವಯಸ್ಸಾಯಿತು, ಆಸಕ್ತಿ ಕಡಿಮೆಯಾಯಿತು ಎಂದು ನಾನು ತಿಳಿದೆ. ಕೇಳಲಿಲ್ಲ.

ಮಗನ ಮಾತು ಚುಚ್ಚಿತು. ಗಾಡಿಯನ್ನು ಸರಿ ಮಾಡಿಸಿಯೇ ತೋರಿಸಬೇಕೆಂದು ಹಟ ಬಂತು. ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದೆ. "ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿರಬೇಕು, ಗ್ಯಾಸಿನವು ಹಾಕಿಸಿರಿ" ಎಂದರು. ಗಾಡಿಯ ಕೆಳಗೆ ಯಾರೂ ಇಣುಕಿ ನೋಡಲಿಲ್ಲ, ನಾನೂ ನೋಡಲಿಲ್ಲ. ರೂ. 3,200 ಕೊಟ್ಟು ಒಂದು ಜೋಡಿ ಹಾಕಿಸಿದೆ. ಗಾಡಿ ಮೊದಲಿಗಿಂತ ಬಿರುಸಾಯಿತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಆಮೇಲೆ ಸೋಲಾಪುರದ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ಹೋದೆ. ಅವರು ಮೊದಲು ಉಪಕರಣ ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ತಾವು ಕೂತು, ನನಗೆ ಗಾಡಿ ಓಡಿಸಲು ಹೇಳಿದರು. ಒಂದು ಸುತ್ತು ಹಾಕಿ ಬಂದೆವು. ಗಾಡಿಯನ್ನು ಹೊಂಡದ ಮೇಲೆ ನಿಲ್ಲಿಸಿ, ಬ್ಯಾಟರಿ ಹಿಡಿದು ಕೆಳಗಿಳಿದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದರು:

"ಶೇಟಜೀ, ಈ ಗಾಡಿಯಾಗ ಏನು ಹೇರತೀರಿ?"

"ಏನೂ ಇಲ್ಲರೀ. ಹಿಂದ ನಮ್ಮ ಅವ್ವ, ನಮ್ಮ ಮನಿಯವರು ಕುಂಡ್ರತಾರ, ಅಷ್ಟ."

"ಮತ್ತ ಈ ಹೆಚ್ಚಿನ ಪಾಟಾ ಯಾಕ ಹಾಕಿಸೀರಿ?"

ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಪದ್ಮಿನಿಯ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ಹಿಂದಿನ ಆಕ್ಸಲಿಗೆ ಕಮಾನು ಪಟ್ಟಿಗಳ ಸ್ಪ್ರಿಂಗು. ಆ ಪಟ್ಟಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. 1996ರಲ್ಲಿ ನಾನು ಸೋಲಾಪುರದಿಂದ ಚಾದರ, ಟವೆಲಿನ ಗಂಟುಗಳನ್ನು ಇದೇ ಗಾಡಿಯಲ್ಲಿ ತರುತ್ತಿದ್ದೆ. ಡಿಕ್ಕಿ ತುಂಬಿ, ಹಿಂದಿನ ಸೀಟಿನ ಮೇಲೂ ಒಟ್ಟುತ್ತಿದ್ದೆ. ಗಾಡಿಯ ಹಿಂಭಾಗ ನೆಲಕ್ಕೆ ಕೂಡುತ್ತಿತ್ತು. ಟೆಂಪೊ ಬಾಡಿಗೆ ಉಳಿಸಲು ಎರಡೂ ಕಡೆ ಒಂದೊಂದು ದಪ್ಪ ಪಾಟಾ ಹೆಚ್ಚಿಗೆ ಹಾಕಿಸಿದೆ. ಅಪ್ಪನನ್ನು ಕೇಳಲಿಲ್ಲ. 2011ರಿಂದ ಮಾಲು ಟ್ರಾನ್ಸ್‌ಪೋರ್ಟಿನಲ್ಲಿ ಬರತೊಡಗಿತು. ಗಂಟು ಹೇರುವುದು ನಿಂತಿತು, ಪಾಟಾ ಅಲ್ಲೇ ಉಳಿಯಿತು. ಹದಿಮೂರು ವರ್ಷ ನನ್ನ ಅವ್ವ ಬಟ್ಟೆ ಗಂಟಿನ ಸ್ಪ್ರಿಂಗಿನ ಮೇಲೆ ಕೂತು ಬಸ್ತಿಗೆ ಹೋಗಿ ಬಂದಿದ್ದಳು.

ಪಾಠಶಾಲೆಯಲ್ಲಿ ನಾವೆಲ್ಲ ಕಲಿತಿದ್ದೇವೆ: ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು. ಕಟ್ಟುವುದು, ಹೊಡೆಯುವುದು, ಅಂಗ ಛೇದಿಸುವುದು, ಅತಿಯಾಗಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಅಪ್ಪ ಚಕ್ಕಡಿಯ ಕಾಲದವರು. ಸಂತೆಗೆ ಹೋಗುವಾಗ ಒಂದು ಗಂಟು ಉಳಿದರೆ ಮರುದಿನ ಮತ್ತೊಂದು ಖೇಪು ಹೊಡೆಯುತ್ತಿದ್ದರೇ ಹೊರತು ಎತ್ತಿನ ಮೇಲೆ ಹೇರುತ್ತಿರಲಿಲ್ಲ. "ಎತ್ತು ಬಾಯಿ ಬಿಟ್ಟು ಹೇಳೂದಿಲ್ಲ, ನಾವ ತಿಳಕೋಬೇಕು" ಎನ್ನುತ್ತಿದ್ದರು. ಗಾಡಿಗೆ ಜೀವವಿಲ್ಲ, ಅದಕ್ಕೆ ಅತಿಭಾರದ ದೋಷ ತಾಗುವುದಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಅದರೊಳಗೆ ಕೂತವರಿಗೆ ಜೀವವಿದೆ ಎಂಬುದು ಹೊಳೆಯಲಿಲ್ಲ. ಅವರೂ ಬಾಯಿ ಬಿಟ್ಟು ಹೇಳಲಿಲ್ಲ.

ಇನ್ನು ಕೆಲಸದ ಮಾತಿಗೆ ಬರೋಣ.

ಗಾಡಿಯ ಸುಖ ನಾಲ್ಕು ವಸ್ತುಗಳ ಮೇಲೆ ನಿಂತಿದೆ: ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ರಬ್ಬರ್ ಬುಶ್, ಟಾಯರು. ಐದನೆಯದು ಸೀಟು. ಇವುಗಳ ಕೆಲಸ ಬೇರೆ ಬೇರೆ. ಒಂದರ ದೋಷಕ್ಕೆ ಇನ್ನೊಂದನ್ನು ಬದಲಿಸಿದರೆ ರೊಕ್ಕ ನೀರಿಗೆ ಹಾಕಿದಂತೆ.

ಸ್ಪ್ರಿಂಗು ಭಾರ ಹೊರುತ್ತದೆ. ಗುಂಡಿ ಬಂದಾಗ ಬಾಗಿ, ಮತ್ತೆ ಏಳುತ್ತದೆ. ಸಮ ಅಳತೆಯ 5 ಪಟ್ಟಿ ಇರುವಲ್ಲಿ ಅಂಥದೇ 6ನೆಯದನ್ನು ಸೇರಿಸಿದರೆ ಬಿರುಸು ಸುಮಾರು ಐದನೆಯ ಒಂದು ಪಾಲು ಹೆಚ್ಚುತ್ತದೆ. ದಪ್ಪದ ಲೆಕ್ಕ ಇನ್ನೂ ಕಠಿಣ: ಪಟ್ಟಿಯ ದಪ್ಪ 2 ಪಟ್ಟಾದರೆ ಅದರ ಬಿರುಸು 8 ಪಟ್ಟಾಗುತ್ತದೆ. ಬಿರುಸಾದ ಸ್ಪ್ರಿಂಗು ಭಾರವಿದ್ದಾಗ ಸರಿಯಾಗಿ ಬಾಗುತ್ತದೆ, ಗಾಡಿ ಖಾಲಿ ಇದ್ದಾಗ ಬಾಗುವುದೇ ಇಲ್ಲ. ಗುಂಡಿಯ ಪೆಟ್ಟು ನೇರವಾಗಿ ಕೂತವರ ಬೆನ್ನಿಗೆ ಬರುತ್ತದೆ. ಅದರಲ್ಲೂ ಹಿಂದಿನ ಸೀಟು ಹಿಂದಿನ ಆಕ್ಸಲಿಗೆ ಹತ್ತಿರವಿರುವುದರಿಂದ ಅಲ್ಲಿ ಪೆಟ್ಟು ಹೆಚ್ಚು, ಸ್ಟೇರಿಂಗ್ ಹಿಡಿದವನಿಗೆ ಕಡಿಮೆ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಒಮ್ಮೆ ಬಾಗಿದ ಸ್ಪ್ರಿಂಗು ತಾನಾಗಿ ನಿಲ್ಲುವುದಿಲ್ಲ, ತೊಟ್ಟಿಲಿನಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಒಳಗೆ ಎಣ್ಣೆ ಇರುತ್ತದೆ. ಸಣ್ಣ ತೂತುಗಳಿಂದ ಆ ಎಣ್ಣೆ ನುಸುಳುವಾಗ ಕುಲುಕಾಟದ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ಸ್ಪ್ರಿಂಗು ದುಡಿಯುವ ಆಳು, ಶಾಕ್ ಅಬ್ಸಾರ್ಬರ್ ಅದಕ್ಕೆ ಲಗಾಮು ಹಾಕುವ ಮುನೀಮ ಎಂದುಕೊಳ್ಳಿರಿ. ನಾನು ಆಳಿನ ತಪ್ಪಿಗೆ ಮುನೀಮನನ್ನು ಬದಲಿಸಿದ್ದೆ. ಪರೀಕ್ಷೆ ಸುಲಭ. ಗಾಡಿಯ ಒಂದೊಂದು ಮೂಲೆಯನ್ನೂ ಎರಡು ಕೈಯಿಂದ ಜೋರಾಗಿ ಒತ್ತಿ ಬಿಡಿರಿ. ಮೇಲೆದ್ದು ಒಮ್ಮೆಗೇ ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ, ಇಲ್ಲವೆ ಹೊರಗೆ ಎಣ್ಣೆ ಒಸರಿದ್ದರೆ ಬದಲಿಸಬೇಕು. ಎಡಬಲ ಯಾವಾಗಲೂ ಜೋಡಿಯಾಗಿ ಬದಲಿಸಬೇಕು.

ರಬ್ಬರ್ ಬುಶ್‌ಗಳು ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂತಿರುತ್ತವೆ. ಗಾಡಿ ಓಡದೆ ನಿಂತಿದ್ದರೂ ವರ್ಷಗಳು ಕಳೆದಂತೆ ಅವು ಒಣಗಿ, ಬಿರಿದು, ಕಲ್ಲಾಗುತ್ತವೆ. ಸಣ್ಣ ಗುಂಡಿಗೂ ಟಕ್ ಟಕ್ ಸದ್ದು ಬರುವುದಕ್ಕೆ ಅನೇಕ ಸಲ ಇವೇ ಕಾರಣ. ಅವುಗಳ ಬದಲು ಪಾಲಿಯುರಥೇನ್ ಬುಶ್ ಹಾಕಿಸಿರಿ ಎಂದು ಕೆಲವರು ಹೇಳುತ್ತಾರೆ. ಅವು ಬಾಳಿಕೆ ಬರುತ್ತವೆ, ಆದರೆ ರಬ್ಬರಿಗಿಂತ ಬಿರುಸು. ಮನೆಮಂದಿಯ ಸುಖಕ್ಕೆ ರಬ್ಬರೇ ಒಳ್ಳೆಯದು. ಒಂದು ಗುಟ್ಟನ್ನು ಮಿಸ್ತ್ರಿಗಳು ಕಲಿಸಿಕೊಟ್ಟರು: ಬುಶ್‌ನ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುವುದು ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನೆಲದಲ್ಲಿ ನಿಂತಾಗ. ಜಾಕಿನ ಮೇಲೆ ತೂಗುತ್ತಿರುವಾಗಲೇ ಬಿಗಿದರೆ ಕೆಳಗಿಳಿಸಿದಾಗ ರಬ್ಬರು ತಿರುಚಿಕೊಂಡು, ಬೇಗನೆ ಹರಿಯುತ್ತದೆ. ಕೆಲಸ ಮುಗಿಸುವ ಅವಸರದಲ್ಲಿ ಬಹಳ ಕಡೆ ಇದನ್ನು ಪಾಲಿಸುವುದಿಲ್ಲ. ನೀವು ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿರಿ.

ನಮ್ಮ ಗಾಡಿಗೆ ಮಾಡಿದ್ದು ಇಷ್ಟು. ಹಿಂದಿನ ಎರಡೂ ಕಮಾನು ಬಿಚ್ಚಿ, ಹೆಚ್ಚಿನ ಪಾಟಾ ತೆಗೆದರು. ಉಳಿದವುಗಳ ನಡುವಿನ ತುಕ್ಕು ಉಜ್ಜಿ ತೆಗೆದು ಗ್ರ್ಯಾಫೈಟ್ ಗ್ರೀಸ್ ಸವರಿದರು. ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದರೆ ಎಲ್ಲ ಸೇರಿ ಒಂದೇ ದಿಮ್ಮಿಯಂತಾಗುತ್ತವೆ. ಅವುಗಳ ಬಾಗು ಸ್ವಲ್ಪ ಇಳಿದಿತ್ತು. ಅದನ್ನು ಸ್ಪ್ರಿಂಗ್ ಕೆಲಸದವರಲ್ಲೇ ಎತ್ತಿಸಿದೆವು. ಸಾಧಾರಣ ಕುಲುಮೆಯಲ್ಲಿ ಕಾಯಿಸಿ ಬಡಿದರೆ ಉಕ್ಕಿನ ಹದ ಹೋಗಿ ತಿರುಗಿ ಕೂತುಬಿಡುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ, ಮುಂದಿನ ಎಲ್ಲ ಬುಶ್‌ಗಳು, ಕಮಾನಿನ ಎರಡು ತುದಿಯ ಬುಶ್‌ಗಳು ಹೊಸವಾದವು. ಕಿಂಗ್‌ಪಿನ್‌ಗಳಿಗೆ ಗ್ರೀಸ್ ಹೊಡೆದರು. 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಂಡು ಬಂದೆ. ಇದನ್ನು ಮರೆಯಬಾರದು.

ಟಾಯರು ನೋಡಲು ಚೆನ್ನಾಗಿದ್ದವು. ಆದರೆ ಅವುಗಳ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2312 ಎಂದಿದ್ದರೆ 2012ರ 23ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ನಮ್ಮವು ಆ ಕಾಲದವೇ. ರಬ್ಬರು ಬಿರುಸಾಗಿ, ಅಂಚಿನಲ್ಲಿ ಬಿರಿದಿದ್ದವು. ಹೊಸ ರೇಡಿಯಲ್ ಟಾಯರು ಹಾಕಿಸಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆ. ಗಾಳಿಯನ್ನು ಟಾಯರು ತಣ್ಣಗಿರುವಾಗಲೇ ಅಳೆಯಬೇಕು, ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಬಾರದು. ಅತಿ ಗಾಳಿ ತುಂಬಿದ ಟಾಯರಿಗೆ ಯಾವ ಸ್ಪ್ರಿಂಗೂ ಮದ್ದಲ್ಲ. ಕೊನೆಗೆ ಹಿಂದಿನ ಸೀಟಿನ ಕುಗ್ಗಿದ ಫೋಮ್ ತೆಗೆಸಿ ಹೊಸದು ತುಂಬಿಸಿದೆ.

ವ್ಯಾಪಾರಿ ಎಂದ ಮೇಲೆ ಲೆಕ್ಕ ಕೊಡಬೇಕು. ಕಮಾನಿನ ಕೆಲಸ, ಅದರ ಬುಶ್ ಸೇರಿ ರೂ. 2,800. ಶಾಕ್ ಅಬ್ಸಾರ್ಬರ್ ಎರಡು ಜೋಡಿ 6,400. ಮುಂದಿನ ಬುಶ್‌ಗಳು 3,100. ನಾಲ್ಕು ಟಾಯರು 15,600. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 900. ಸೀಟು 4,500. ಒಟ್ಟು ರೂ. 33,300. ಊರಿಂದ ಊರಿಗೆ, ಗಾಡಿಯಿಂದ ಗಾಡಿಗೆ ಇದು ಬೇರೆಯಾಗುತ್ತದೆ. ಆದರೆ ಒಂದು ಮಾತು ಗಮನಿಸಿರಿ: ಎಲ್ಲಕ್ಕಿಂತ ಹೆಚ್ಚು ಸುಖ ಕೊಟ್ಟದ್ದು ಮೊದಲನೆಯ 2,800. ಅದು ಹೊಸದನ್ನು ಕೊಂಡದ್ದಲ್ಲ, ಹೆಚ್ಚಾಗಿದ್ದನ್ನು ತೆಗೆದದ್ದು.

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಮಾರುತಿ 800, ವ್ಯಾಗನ್ ಆರ್ ಅಂಥ ಗಾಡಿಗಳಿರಬಹುದು. ಅವುಗಳಲ್ಲಿ ಹಿಂದೆಯೂ ಸುರುಳಿ ಸ್ಪ್ರಿಂಗು, ಪಾಟಾ ಇಲ್ಲ. ಆದರೆ ರೋಗ ಅದೇ. ಗಾಡಿ ಎತ್ತರವಾಗಲಿ ಎಂದು ಸುರುಳಿಯ ನಡುವೆ ರಬ್ಬರ್ ಬಫರ್ ಸಿಕ್ಕಿಸುತ್ತಾರೆ. ಅದು ಸ್ಪ್ರಿಂಗಿನ ಒಂದು ಸುತ್ತನ್ನು ಕಟ್ಟಿಹಾಕಿ ಬಿರುಸು ಮಾಡುತ್ತದೆ. ಬೇಡವಾದರೆ ತೆಗೆಸಿರಿ. ಮುಂದಿನ ಸ್ಟ್ರಟ್‌ನ ಮೇಲ್ತುದಿಯ ರಬ್ಬರ್ ಮೌಂಟ್ ಮತ್ತು ಲೋವರ್ ಆರ್ಮ್ ಬುಶ್ ನೋಡಿಸಿರಿ. ಸ್ಪ್ರಿಂಗು ಕತ್ತರಿಸಿ ಗಾಡಿ ತಗ್ಗಿಸುವ ಹುಡುಗರ ಹುಚ್ಚಿಗೆ ಮಾತ್ರ ಒಪ್ಪಬೇಡಿರಿ, ಅದು ಅಪಾಯ. ಸುರುಳಿ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಲೂ ಹೋಗಬೇಡಿರಿ. ಒತ್ತಿ ಕೂತ ಸ್ಪ್ರಿಂಗು ಸಿಡಿದರೆ ಜೀವಕ್ಕೇ ಎರವು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರಿಕೊಳ್ಳುವುದೂ ಬೇಡ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕುಲುಕಾಟ ಹೋಯಿತೆಂದು ಹಳೆಯ ಗಾಡಿ ಹೊಸದಾಗುವುದಿಲ್ಲ. ನಮ್ಮದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಏರ್‌ಬ್ಯಾಗ್ ಇಲ್ಲ. ಆದ್ದರಿಂದ ಮಗನಿಗೆ ಮಾತು ಕೊಟ್ಟಿದ್ದೇನೆ: ಹೆದ್ದಾರಿಯಲ್ಲಿ 60ರ ಮೇಲೆ ಓಡಿಸುವುದಿಲ್ಲ, ಸೂರ್ಯಾಸ್ತದ ಮೇಲೆ ಊರು ಬಿಟ್ಟು ಹೋಗುವುದಿಲ್ಲ, ಬ್ರೇಕನ್ನು ಆರು ತಿಂಗಳಿಗೊಮ್ಮೆ ನೋಡಿಸುತ್ತೇನೆ. ಹಿಂದಿನ ಸೀಟಿಗೂ ಪಟ್ಟಿ ಹಾಕಿಸಿದೆ. ಮತ್ತು ಆ ಗಾಡಿಯಲ್ಲಿ ಇನ್ನು ಗಂಟು ಹೇರುವುದಿಲ್ಲ. ಪಾಟಾ ತೆಗೆಸಿದ ಮೇಲೆ ಹಳೆಯ ಚಾಳಿ ಮುಂದುವರಿಸಿದರೆ ಉಳಿದ ಪಟ್ಟಿಗಳೂ ಮುರಿಯುತ್ತವೆ.

ಗಾಡಿ ಬಂದ ಮರುದಿನ ಬೆಳಿಗ್ಗೆ ಅವ್ವನಿಗೆ ರಿಕ್ಷಾ ಬಂದಿಲ್ಲ ಎಂದು ಸುಳ್ಳು ಹೇಳಿ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡೆ. ಆ ಸುಳ್ಳಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ. ಹಳೆಯ ನಾಕೆಯ ಹತ್ತಿರ ರಸ್ತೆ ಯಾವಾಗಲೂ ಕೆಟ್ಟಿರುತ್ತದೆ. ಅಲ್ಲಿ ಬಂದಾಗ ಅವಳು ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಿಂದ ಗಟ್ಟಿಯಾಗಿ ಹಿಡಿದಳು. ಕನ್ನಡಿಯಲ್ಲಿ ಕಂಡಿತು. ಇಷ್ಟು ವರ್ಷ ಹೀಗೇ ಹಿಡಿಯುತ್ತಿದ್ದಳೋ ಏನೋ, ನಾನು ಒಮ್ಮೆಯೂ ನೋಡಿರಲಿಲ್ಲ. ಗುಂಡಿಗಳು ದಾಟಿದವು. ಸ್ವಲ್ಪ ಹೊತ್ತಿಗೆ ಕೈ ಸಡಿಲಿಸಿ ಕೇಳಿದಳು:

"ಯಪ್ಪಾ, ರಸ್ತಾ ಛಲೋ ಮಾಡ್ಯಾರೇನು?"

"ಹೂಂ ಅವ್ವಾ" ಎಂದೆ. ಅದೂ ಸುಳ್ಳೇ. ನಿಜ ಹೇಳಲು ಆ ಹೊತ್ತಿಗೆ ಬಾಯಿ ಬರಲಿಲ್ಲ. ಸಂಜೆ ಎಲ್ಲ ಹೇಳಿದೆ. ಅವಳು ನಕ್ಕು, "ನಿನ್ನ ಧಂಧೆ ನಡೀಬೇಕಿತ್ತಲ್ಲೋ" ಎಂದಳು, ಅಷ್ಟೇ. ದೀಪಾವಳಿಯ ನಂತರ ಕುಂಥಲಗಿರಿಗೆ ಹೋಗಿ ಬಂದೆವು. ನೂರು ಕಿಲೋಮೀಟರಿಗೂ ಮೇಲಿನ ದಾರಿ. ಎರಡು ಕಡೆ ನಿಲ್ಲಿಸಿ, ಇಳಿಸಿ, ಕೈಕಾಲು ಆಡಿಸಿಕೊಂಡು ಹೋದೆವು. ಬರುವಾಗ ಅವಳು ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು. ನವೀಕರಣದ ರೊಕ್ಕವನ್ನು ಮಗನೇ ಕಟ್ಟಿದ.

ಓದುಗರಲ್ಲಿ ನನ್ನ ವಿನಂತಿ ಒಂದೇ. ಈ ವಾರ ಗಾಡಿಯ ಕೀಲಿಯನ್ನು ಮಗನ ಕೈಗೋ ಸೊಸೆಯ ಕೈಗೋ ಕೊಟ್ಟು, ಮನೆಯ ಯಜಮಾನರಾದ ನೀವು ಹಿಂದಿನ ಸೀಟಿನಲ್ಲಿ ಕೂತು ಐದು ಕಿಲೋಮೀಟರ್ ಹೋಗಿ ಬನ್ನಿರಿ. ದಿನಾ ಹಿಂದೆ ಕೂಡುವವರು ಏನು ಸಹಿಸುತ್ತಿದ್ದಾರೆಂದು ಆಗ ತಿಳಿಯುತ್ತದೆ. ಗ್ಯಾರೇಜಿಗೆ ಅದರ ಮೇಲೆ ಹೋಗಬಹುದು.